ಡಾಕ್ಯುಮೆಂಟಲ್ಲಿ ಇದೆಯಲ್ಲ

ವಡಪಳನಿಯ ಒಂದು ಆಫೀಸಿನಲ್ಲಿ ನಾನು ಎಲೆಕ್ಟ್ರಿಷಿಯನ್ ಆಗಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ಟೆಸ್ಟರ್ ಇಟ್ಟು ನೋಡದೆ ಒಂದು ವೈರನ್ನೂ ಮುಟ್ಟಿದವನಲ್ಲ. ಅಲ್ಲೊಬ್ಬರು ಮೈಸೂರಿನ ಮಹಾಶಯರಿದ್ದರು. ವರ್ಕ್‌ಸ್ಪೇಸ್ ಎಂಬ ಆನ್‌ಲೈನ್ ಕಚೇರಿ ಯಾವ ಕಂಪನಿಯದು, ಅದರೊಳಗೆ ಯಾರಿದ್ದಾರೆ ಎಂಬ ವಿವರವನ್ನು ತಾನಾಗಿ ಕೆಲಸ ಮಾಡುವ ಎಐ ಏಜೆಂಟು ಎಪಿಐ ಎಂಬ ಕಂಪ್ಯೂಟರ್ ಟೂಲಿನ ಮೂಲಕ ಹೇಗೆ ಕೇಳಿ ಪಡೆಯಬೇಕು ಎಂದು ಬರೆದಿಡುವುದು ಅವರ ಕೆಲಸ. ಆ ಟೂಲನ್ನು ಮಾತ್ರ ಒಮ್ಮೆಯೂ ಓಡಿಸಿ ನೋಡಿದವರಲ್ಲ. ಯಾರು ಏನು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಡಾಕ್ಯುಮೆಂಟಲ್ಲಿ ಇದೆಯಲ್ಲ" ಎನ್ನುತ್ತಿದ್ದರು.

ಒಂದು ದಿನ ಅವರ ಮೇಜಿನ ಬಳಿ ನೆಲದ ಪ್ಲಗ್‌ಬಾಕ್ಸ್ ಬಿಚ್ಚಿಕೊಂಡು ಕೂತಿದ್ದೆ. ಆ ಟೂಲು ಕಟ್ಟಿದ ಹುಡುಗಿ ಬಂದಳು. ಇವರು ಬರೆದಿದ್ದನ್ನು ನಂಬಿದ ಏಜೆಂಟು ಮುಚ್ಚಿಹೋದ ವರ್ಕ್‌ಸ್ಪೇಸ್ ಇನ್ನೂ ನಡೆಯುತ್ತಿದೆಯೆಂದು ತಿಳಿದು, ಕೆಲಸ ಬಿಟ್ಟವರಿಗೆಲ್ಲ ಗಿರಾಕಿಯ ಗುಟ್ಟಿನ ಪತ್ರಗಳನ್ನು ಕಳಿಸಿತ್ತು. ತಪ್ಪು ಅವಳ ತಲೆಗೆ ಬಂದಿತ್ತು. ಕೆಲಸ ಹೋಗುವುದರಲ್ಲಿತ್ತು.

"ಮುಚ್ಚಿದ ವರ್ಕ್‌ಸ್ಪೇಸ್ ಆದ್ರೆ ಟೂಲಿನ ಉತ್ತರ ಬೇರೆ ಥರ ಬರತ್ತೆ ಅಂತ ಹೇಳಿದ್ನಲ್ಲ ಸಾರ್. ಒಂದ್ಸಲ ಓಡಿಸಿ ನೋಡಿದ್ರಾ ಇಲ್ವಾ, ಅದನ್ ಹೇಳಿ."

"ನೋಡೋದ್ಯಾಕಮ್ಮ? ಹಳೇ ಡಾಕ್ಯುಮೆಂಟಲ್ಲಿ ಇದೆಯಲ್ಲ."

ಅಷ್ಟರಲ್ಲಿ ಅವರ ಪೆನ್ನು ಜಾರಿ, ಬಿಚ್ಚಿದ ವೈರುಗಳ ನಡುವೆ ಬಿತ್ತು. ಚಾಚಿದ ಕೈ ಅರ್ಧಕ್ಕೇ ನಿಂತಿತು.

"ಕರೆಂಟ್ ಇಲ್ಲ ತಾನೇ?"

"ಆಫ್ ಅಂತ ಬೋರ್ಡಿಗೆ ಚೀಟಿ ಅಂಟಿಸಿದೀನಲ್ಲ ಸಾರ್."

"ಚೀಟಿ ಇರ್ಲಪ್ಪ. ಒಂದ್ಸಲ ಟೆಸ್ಟರ್ ಇಟ್ಟು ನೋಡು."

ಹುಡುಗಿ ನನ್ನ ಮುಖ ನೋಡಿದಳು. ನಾನು ಟೆಸ್ಟರನ್ನು ಜೇಬಿಗೆ ಹಾಕಿಕೊಂಡೆ. ಮಹಾಶಯರು ಮರದ ಸ್ಕೇಲು ಹುಡುಕಿ ತಂದು, ದೂರ ನಿಂತು ಪೆನ್ನನ್ನು ಎಳೆದುಕೊಂಡರು.

ಮುಂದಿನ ವಾರ ಹುಡುಗಿಯ ಕುರ್ಚಿ ಖಾಲಿಯಿತ್ತು. ಅವರು ಅದೇ ಪೆನ್ನು ಹಿಡಿದು ಇನ್ನೊಂದು ಟೂಲಿನ ಬಗ್ಗೆ ಬರೆಯುತ್ತಿದ್ದರು.