ಮೂರನೇ ಮಹಡಿಯ ಚೀಟಿ

ಪಂಕ್ಚರಣ್ಣನ ಬಾಯಿಗೆ ಬ್ರೇಕ್ ಇಲ್ಲ ಎನ್ನುವುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಸೈಕಲ್ ರಿಪೇರಿಗೆ ಬಂದವನು ಎರಡು ಸಲ ಚೌಕಾಸಿ ಮಾಡಿದರೆ ಸಾಕು, ಬ್ರೇಕಿಲ್ಲದ ಸೈಕಲ್ಲನ್ನು ಹಾಗೇ ರಸ್ತೆಗೆ ನೂಕಿ, "ಹೋಗು, ಕಾಲು ಉಜ್ಕೊಂಡು ನಿಲ್ಸು" ಎನ್ನುವ ಆಸಾಮಿ. ಆದರೂ ಗಿರಾಕಿಗಳು ಅವನನ್ನು ಬಿಟ್ಟು ಹೋಗುತ್ತಿರಲಿಲ್ಲ. ಬೈಗುಳ ಪುಕ್ಕಟೆ ಸಿಕ್ಕಿದರೂ ಕೆಲಸದಲ್ಲಿ ಮೋಸ ಇರುತ್ತಿರಲಿಲ್ಲ.

ಅಂಗಡಿಯ ಹಿಂದೆ ಒಂದೇ ಕೋಣೆ. ಅವನು, ಹೆಂಡತಿ, ಹೊಲಿಗೆ ಕಾರ್ಖಾನೆಗೆ ಹೋಗುವ ಮಗಳು, ಮೂವರೂ ಅದರಲ್ಲೇ. ಗೋಡೆಯ ಆಚೆ ಚರಂಡಿ. ಮಳೆ ಬಂದರೆ ಗೋಡೆ ಬೆವರುತ್ತಿತ್ತು, ಇನ್ನೂ ಜಾಸ್ತಿ ಬಂದರೆ ನೀರು ಒಳಗೇ ಬರುತ್ತಿತ್ತು. ಅದಕ್ಕೆಂದೇ ಮಂಚದ ನಾಲ್ಕು ಕಾಲಿಗೂ ಹಳೇ ಟೈರು ಪೇರಿಸಿದ್ದ. "ನಮ್ಮ ಮಂಚಕ್ಕೆ ಗಾಳಿ ತುಂಬಿಸಿದ್ರೆ ಊರೂರು ತಿರುಗಿ ಬರ್ಬೋದು ನೋಡಿ" ಎಂದು ಹೆಂಡತಿ ನಗುತ್ತಿದ್ದಳು. ಆ ಕೋಣೆಗೂ ಈಗ ಕಂಟಕ ಬಂದಿತ್ತು. ಮಳೆಗಾಲ ಕಳೆದದ್ದೇ ಕಟ್ಟಡ ಕೆಡವಿಸುತ್ತೇನೆ, ಜಾಗ ಖಾಲಿ ಮಾಡಿ ಎಂದು ಮಾಲೀಕ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ. ಬೇರೆ ಕಡೆ ಬಾಡಿಗೆ ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು.

ಉಳಿದ ಒಂದೇ ಆಸೆ ಎಂದರೆ ಮುಚ್ಚಿಹೋದ ಸೋಪಿನ ಕಾರ್ಖಾನೆಯ ಅಂಗಳದಲ್ಲಿ ಏಳುತ್ತಿದ್ದ ಮನೆಗಳು. ಜಾಗ ಒಂದು ಟ್ರಸ್ಟಿನದು. ನೀರು, ಚರಂಡಿ, ರಸ್ತೆ ಪುರಸಭೆಯದು. ಗಾರೆಯವರಿಗೆ ಕೂಲಿ ಟ್ರಸ್ಟೇ ಕೊಡುತ್ತಿತ್ತು. ಇಟ್ಟಿಗೆ ಹೊರುವುದು, ಮರಳು ಜರಡಿ ಹಿಡಿಯುವುದು, ಗೋಡೆಗೆ ನೀರು ಹೊಡೆಯುವುದು ಮನೆ ಬೇಕಾದವರ ಪಾಲು. ಅವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಪ್ರತಿ ಭಾನುವಾರ ಮನೆಗೊಬ್ಬರಾದರೂ ಹೋಗಿ ಮೈಬಗ್ಗಿಸಬೇಕು. ಕಟ್ಟಿ ಮುಗಿಯುವವರೆಗೆ ಯಾವ ಮನೆ ಯಾರದು ಎಂದು ಯಾರಿಗೂ ಗೊತ್ತಿರಬಾರದು. ಗೊತ್ತಾದರೆ ಪ್ರತಿಯೊಬ್ಬನೂ ತನ್ನ ಗೋಡೆಗೆ ಮಾತ್ರ ನೀರು ಹೊಡೆದು ಕೂರುತ್ತಾನೆ. ಕೊನೆಯಲ್ಲಿ ಚೀಟಿ ಎತ್ತಿ ಹಂಚುವುದು ಎಂದು ಮಾತಾಗಿತ್ತು.

ಆ ಮಾತಿಗೆ ಮೊಳೆ ಹೊಡೆದವನು ಪಂಕ್ಚರಣ್ಣನೇ. ಸಂಘದ ಮೊದಲನೇ ಸಭೆಯಲ್ಲಿ ಇಸ್ತ್ರಿಯವ ಎದ್ದು ನಿಂತಿದ್ದ. ಅದೇ ಬೀದಿಯ ತಿರುವಿನಲ್ಲಿ ಬಟ್ಟೆ ಇಸ್ತ್ರಿ ಮಾಡುವ, ಗಟ್ಟಿಯಾಗಿ ಮಾತಾಡಲು ಬಾರದ ಮನುಷ್ಯ.

"ನಮ್ಮಪ್ಪಂಗೆ ಉಬ್ಬಸ. ಮೆಟ್ಲು ಹತ್ತೋಕಾಗಲ್ಲ. ಕೆಳಗಿನ ಮನೆ ಒಂದು ನಮಗೆ ಅಂತ ಮೊದಲೇ ಇಟ್ಕೊಂಡ್ರೆ..."

"ಇಟ್ಕೋ ಮಾರಾಯ, ಇಟ್ಕೋ!" ಪಂಕ್ಚರಣ್ಣ ಹಿಂದಿನ ಸಾಲಿನಿಂದಲೇ ಅರಚಿದ. "ಇವತ್ತು ನಿಮ್ಮಪ್ಪನ ಉಬ್ಬಸ, ನಾಳೆ ಇನ್ಯಾರದೋ ಭಾವಮೈದನ ಬೆನ್ನುನೋವು, ನಾಡಿದ್ದು ಅವರ ನಾಯಿಗೆ ಕಾಲುನೋವು! ಕೊನೆಗೆ ಕೆಳಗಿನ ಮನೆ ಕಾಯಿಲೆ ಇರೋರಿಗಲ್ಲ, ಬಾಯಿ ಇರೋರಿಗೆ ಹೋಗುತ್ತೆ. ಎಲ್ರಿಗೂ ಚೀಟಿ. ಅದಲು ಬದಲೂ ಬೇಡ. ಅದಲು ಬದಲು ಅಂದ್ರೇನೇ ವ್ಯಾಪಾರ!"

ಅವನ ಸಿಟ್ಟಿಗೆ ಕಾರಣ ಇರಲಿಲ್ಲ ಎಂದಲ್ಲ. ಹಿಂದೆ ಬೇರೆ ಕಡೆ ಬಡವರ ಮನೆ ಕಟ್ಟಿದಾಗ ಅವನ ಹೆಸರು ಪಟ್ಟಿಯಲ್ಲಿತ್ತು. ಮನೆ ಹಂಚುವ ದಿನ ನೋಡಿದರೆ ಆ ಜಾಗದಲ್ಲಿ ಯಾವನೋ ದೊಡ್ಡವರ ಕಡೆಯವನು ಬಂದು ಕೂತಿದ್ದ. ಆ ಉರಿ ಇನ್ನೂ ಆರಿರಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಸಂಘದ ಕೆಲಸ ನೋಡುತ್ತಿದ್ದ ಟ್ರಸ್ಟಿನ ಮೇಡಂ ಅದನ್ನೇ ನಿಯಮ ಮಾಡಿದರು. ಮುಂದೆ ಸಂಘದಲ್ಲಿ ಒಬ್ಬರೇ ಒಬ್ಬರು ಒಪ್ಪದಿದ್ದರೂ ನಿಯಮ ಬದಲಿಸಕೂಡದು ಎನ್ನುವುದನ್ನೂ ಪಂಕ್ಚರಣ್ಣನೇ ಹಟ ಹಿಡಿದು ಸೇರಿಸಿದ. ಇಸ್ತ್ರಿಯವ ಹೆಗಲ ಮೇಲಿನ ಟವಲನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೂತ.

ಮನೆಗೆ ಬಂದ ಮೇಲೆ ಹೆಂಡತಿ ಹೇಳಿದಳು, "ರೀ, ನೀವು ಹೇಳಿದ್ದು ಸರಿ ಇರ್ಬೋದು. ಹೇಳಿದ ರೀತಿ ಸರಿ ಇರ್ಲಿಲ್ಲ."

"ಸರಿ ಅಂದ್ಮೇಲೆ ಅದಕ್ಕೆಂಥ ರೀತಿ?"

"ಇಸ್ತ್ರಿಯವನ ಅಪ್ಪ ಬಾಗಿಲ ಹತ್ರಾನೇ ಕೂತಿದ್ರು. ನಾಯಿ ಕಾಲುನೋವು ಅಂದಿದ್ದು ಅವರಿಗೂ ಕೇಳಿಸ್ತು."

ಪಂಕ್ಚರಣ್ಣ ತೂತಿಲ್ಲದ ಟ್ಯೂಬೊಂದನ್ನು ನೀರಿಗೆ ಅದ್ದಿ ಗುಳ್ಳೆ ಬರುತ್ತದಾ ಎಂದು ನೋಡುತ್ತ ಕೂತ.

ಗೋಡೆ ಮೇಲೇಳುತ್ತಿದ್ದ ಕಾಲದಲ್ಲೇ ಆ ಮುದುಕ ತೀರಿಕೊಂಡ. ಪಂಕ್ಚರಣ್ಣ ಸಾವಿನ ಮನೆಗೆ ಹೋದ, ಜನರ ಹಿಂದೆ ನಿಂತ, ಇಸ್ತ್ರಿಯವನ ಮುಖ ನೋಡಲಾಗದೆ ವಾಪಸು ಬಂದ. ಅದಾದ ಕೆಲವು ಭಾನುವಾರಗಳ ಮೇಲೆ ಒಂದು ದಿನ ಪಂಕ್ಚರಣ್ಣನ ಹೆಂಡತಿ ಮರಳಿನ ಬಾಂಡಲಿ ಹೊತ್ತು ಎರಡನೇ ಮಹಡಿಗೆ ಹತ್ತುತ್ತಿದ್ದಳು. ಹಿಡಿದುಕೊಳ್ಳುವ ಕಟಕಟೆ ಇನ್ನೂ ಹಾಕಿರಲಿಲ್ಲ. ಮೆಟ್ಟಿಲ ಮೇಲೆ ಚೆಲ್ಲಿದ್ದ ಮರಳಿಗೆ ಕಾಲು ಜಾರಿತು. ಕೆಳಗೆ ಇಟ್ಟಿಗೆ ಪೇರಿಸುತ್ತಿದ್ದ ಅವನಿಗೆ ಮೊದಲು ಕೇಳಿಸಿದ್ದು ಬಾಂಡಲಿ ಉರುಳಿದ ಸದ್ದು. ಯಾರದೋ ಬೇಜವಾಬ್ದಾರಿ ಎಂದು ಬೈಯಲು ಬಾಯಿ ತೆರೆದು ಓಡಿ ಬಂದವನು ತೆರೆದ ಬಾಯಲ್ಲೇ ನಿಂತುಬಿಟ್ಟ.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ರಾಡು ಹಾಕಿದರು.

"ಕೋಲು ಹಿಡ್ಕೊಂಡು ಮನೆ ಒಳಗೆ ಓಡಾಡ್ತಾರೆ. ಮೆಟ್ಲು ಮಾತ್ರ ಬೇಡ," ಎಂದರು ಡಾಕ್ಟರು.

"ಎಷ್ಟು ದಿನ ಬೇಡ ಸಾರ್?"

"ದಿನ ಅಲ್ಲ ಇವರೇ. ಇನ್ಮೇಲೆ."

ಅಂದಿನಿಂದ ಪಂಕ್ಚರಣ್ಣನ ಬಾಯಿ ಕಟ್ಟಿತು. ಭಾನುವಾರ ಬಂದರೆ ನೆಲಮಹಡಿಯ ಖಾಲಿ ಮನೆಗಳ ಒಳಗೆ ಹೋಗಿ ನಿಲ್ಲುವನು. ಇಲ್ಲಿ ಅವಳ ಮಂಚ, ಇಲ್ಲಿ ಕೋಲು ಒರಗಿಸುವುದು, ಬಾಗಿಲು ತೆಗೆದರೆ ರಸ್ತೆ, ತರಕಾರಿ ಗಾಡಿ ಮನೆ ಮುಂದೆಯೇ ಬರುತ್ತದೆ ಎಂದುಕೊಳ್ಳುವನು. ಆಮೇಲೆ ತಲೆಯೆತ್ತಿ ಮೆಟ್ಟಿಲ ಕಡೆ ನೋಡುವನು. ಬಂದ ಮನೆ ಬೇಡ ಎನ್ನುವಂತೆಯೂ ಇರಲಿಲ್ಲ. ಬೇಡ ಎಂದವರು ಹೊಸ ಜಾಗ ಸಿಕ್ಕುವವರೆಗೆ ಕಾಯಬೇಕು, ಹೊಸ ಜಾಗ ಎಲ್ಲಿದೆ ಎಂದು ಟ್ರಸ್ಟಿಗೂ ಗೊತ್ತಿಲ್ಲ, ಪುರಸಭೆಗೂ ಗೊತ್ತಿಲ್ಲ.

ಒಂದು ದಿನ ಮಾನ ಮರ್ಯಾದೆ ಕಟ್ಟಿಟ್ಟು ಮೇಡಂ ಕಚೇರಿಗೆ ಹೋದ. ಬಾಗಿಲಲ್ಲಿ ನಿಂತವನಿಗೆ ಗೋಡೆಯ ಮೇಲೆ ಸಂಘದ ನಿಯಮಗಳು ಕಂಡವು. ಅವನದೇ ಮಾತುಗಳು. ಬೈಗುಳ ತೆಗೆದು, ದಪ್ಪ ಅಕ್ಷರದಲ್ಲಿ ಬರೆಸಿ ಹಾಕಿದ್ದರು.

"ಏನು ಪಂಕ್ಚರಣ್ಣ, ಇಲ್ಲೀತನಕ?"

"ಏನಿಲ್ಲ ಮೇಡಂ. ನಿಮ್ಮ ಸ್ಕೂಟರ್ ನೋಡ್ದೆ. ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇದೆ."

ಅಂಗಡಿಗೆ ಹೋಗಿ ಪಂಪು ತಂದು, ಸರಿಯಾಗಿಯೇ ಇದ್ದ ಚಕ್ರಕ್ಕೆ ಗಾಳಿ ಹೊಡೆದುಕೊಟ್ಟು ಬಂದ.

ಚೀಟಿ ಎತ್ತುವ ದಿನ ಬಂತು. ಚೀಟಿ ಹಾಕಲು ಎಲ್ಲರಿಗೂ ಕಾಣುವಂಥ ಅಗಲದ ಪಾತ್ರೆ ಬೇಕು ಎಂದಾಗ ಯಾರೋ ಹೇಳಿದರು, "ಪಂಕ್ಚರಣ್ಣನ ಟಬ್ಬೇ ತನ್ನಿ. ಅದರಲ್ಲಿ ಯಾವ ಟ್ಯೂಬೂ ಸುಳ್ಳು ಹೇಳಿದ್ದಿಲ್ಲ." ಎಲ್ಲ ನಕ್ಕರು. ಟ್ಯೂಬು ಅದ್ದುವ ಟಬ್ಬನ್ನು ಅವನು ಉಜ್ಜಿ, ಒರೆಸಿ ತಂದ. ಮೇಡಂ ಎಲ್ಲರೆದುರಿಗೆ ಚೀಟಿ ಮಡಿಸಿ ಹಾಕಿದರು. ಅಷ್ಟರಲ್ಲಿ ಪುರಸಭೆಯವರು ಬರುವುದು ತಡ ಎಂದು ಸುದ್ದಿ ಬಂತು. ಎಲ್ಲ ಊಟ ಮುಗಿಸಿ ಬರೋಣ ಎಂದು ಎದ್ದರು.

"ಟಬ್ಬು ನೋಡ್ಕೊಳ್ಳೋರು ಯಾರು?"

"ಪಂಕ್ಚರಣ್ಣ ಇದಾನಲ್ಲ. ಅವನ ಬಾಯಿ ನಂಬಬೇಡಿ, ಕೈ ನಂಬಿ," ಎಂದಳು ತರಕಾರಿ ಅಜ್ಜಿ. ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ಸುತ್ತಿ, ಮಂಡಿ ಸವೆಸಿಕೊಂಡವಳು ಅವಳು.

ಎಲ್ಲ ಹೋದರು. ಅವನು, ಟಬ್ಬು, ಖಾಲಿ ಕುರ್ಚಿಗಳು. ಜೇಬಿನಲ್ಲಿ ಪ್ಯಾಚು ಅಂಟಿಸುವ ಸೊಲ್ಯೂಷನ್ ಟ್ಯೂಬಿತ್ತು. ಟಬ್ಬಿನ ಅಂಚು ಒಳಗೆ ಮಡಚಿದ್ದು, ಅದರ ಅಡಿಯಲ್ಲಿ ಒಂದು ತೊಟ್ಟು ಹಚ್ಚಿ ಚೀಟಿ ಅಂಟಿಸಿಬಿಟ್ಟರೆ ದೇವರಿಗೂ ಕಾಣುವುದಿಲ್ಲ. ಕೈ ಹಾಕಿದಾಗ ನೇರ ಅದೇ ಬೆರಳಿಗೆ ಸಿಗುತ್ತದೆ. ಅವನು ಒಂದು ಚೀಟಿ ಬಿಚ್ಚಿ ನೋಡಿದ. ಮೂರನೇ ಮಹಡಿ. ಮಡಿಸಿ ಹಾಕಿ ಇನ್ನೊಂದು ಬಿಚ್ಚಿದ. ನೆಲಮಹಡಿ.

ಆ ಕಾಗದದ ಚೂರನ್ನು ಹಿಡಿದು ಕೂತ. ಇದೊಂದೇ ಸಾಕು, ಅವಳು ಬಾಗಿಲಲ್ಲಿ ಕೂತು ಅವರಿವರೊಂದಿಗೆ ಮಾತಾಡುತ್ತಾಳೆ. ಇಲ್ಲದಿದ್ದರೆ ಮೇಲೆ ಸೇರಿದವಳು ಮತ್ತೆ ರಸ್ತೆ ನೋಡುವುದು ಯಾವಾಗ? ಸೊಲ್ಯೂಷನ್ ಟ್ಯೂಬಿನ ಮುಚ್ಚಳ ತೆಗೆದ. ಆ ವಾಸನೆ ಮೂಗಿಗೆ ಬಡಿದದ್ದೇ, ಅದೆಲ್ಲಿತ್ತೋ, ತನ್ನ ಹೆಸರಿನ ಜಾಗದಲ್ಲಿ ಬಂದು ಕೂತಿದ್ದ ಆ ದೊಡ್ಡವರ ಕಡೆಯವನ ಮುಖ ಕಣ್ಣೆದುರು ಬಂತು. "ಥೂ ನಿನ್ನ" ಎಂದು ಬೈದ. ಯಾರಿಗೆ ಬೈದನೋ ಅವನಿಗೇ ಗೊತ್ತಿಲ್ಲ. ಚೀಟಿ ಮಡಿಸಿ ಒಳಗೆ ಬಿಸಾಡಿ, ಮೊಣಕೈವರೆಗೆ ಕೈ ಹಾಕಿ ಎಲ್ಲವನ್ನೂ ಕಲಸಿಬಿಟ್ಟ.

ಜನ ಬಂದರು, ಒಬ್ಬೊಬ್ಬರೇ ಎತ್ತಿದರು. ತರಕಾರಿ ಅಜ್ಜಿಗೆ ಎರಡನೇ ಮಹಡಿ. ಇಸ್ತ್ರಿಯವನಿಗೆ ನೆಲಮಹಡಿ. ಅವನು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಪಂಕ್ಚರಣ್ಣನ ಕಡೆ ಒಮ್ಮೆ ಕಣ್ಣು ಹಾಯಿಸಿ ಜೇಬಿಗಿಟ್ಟುಕೊಂಡ.

ಪಂಕ್ಚರಣ್ಣನಿಗೆ ಮೂರನೇ ಮಹಡಿ.

ಅವನು ಕೂರಲಿಲ್ಲ. ಕೈಯಲ್ಲಿದ್ದದ್ದನ್ನು ನಾನೇ ಬಿಟ್ಟೆನಲ್ಲ ಎನ್ನುವ ಸಂಕಟ ಬೇರೆ. "ಮೇಡಂ, ನಂದೊಂದು ಮಾತು," ಎಂದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ನಮ್ಮವಳ ಸೊಂಟ ನಿಮಗೆಲ್ಲ ಗೊತ್ತು. ಇಲ್ಲೇ ಬಿದ್ದಿದ್ದು. ಯಾರಾದ್ರೂ ಕೆಳಗಿನ ಮನೆಯೋರು ಅದಲು ಬದಲು ಮಾಡ್ಕೊಂಡ್ರೆ... ನಿಯಮ ನಾನೇ ಮಾಡ್ಸಿದ್ದು. ನಾನೇ ಕೈ ಮುಗೀತೀನಿ, ಇದೊಂದು ಸಲ."

ಎಲ್ಲರ ಕಣ್ಣೂ ಇಸ್ತ್ರಿಯವನ ಮೇಲೆ ಬಿತ್ತು. ಅವನೇ ಎಲ್ಲರಿಗಿಂತ ಮೊದಲು ಕೈ ಎತ್ತಿದ. "ನಂದೇ ಕೊಡ್ತೀನಿ." ಒಪ್ಪಿಗೆಯೆಂದು ಒಂದೊಂದಾಗಿ ಕೈಗಳು ಎದ್ದವು. ತರಕಾರಿ ಅಜ್ಜಿಯ ಕೈ ಮಾತ್ರ ಮಡಿಲಲ್ಲೇ ಇತ್ತು.

"ಅಜ್ಜಿ, ನೀವು?" ಎಂದರು ಮೇಡಂ.

"ನನ್ನ ಮಂಡಿ ಏನು ಬಾಡಿಗೆಗೆ ತಂದಿದ್ದಾ ತಾಯಿ? ನನಗೂ ಎರಡು ಮಹಡಿ ಹತ್ತೋಕಾಗಲ್ಲ. ಅವನಿಗೆ ಬದಲಾಯಿಸಿದ್ರೆ ನನಗೂ ಬದಲಾಯಿಸಿ. ಆಗ ಕೆಳಗಿನವರು ಇನ್ಯಾರು ಬರ್ತೀರಿ, ಹೇಳಿ?" ಕೆಳಗಿನ ಮನೆಯವರು ಇನ್ಯಾರೂ ಮುಂದೆ ಬರಲಿಲ್ಲ. ಅಜ್ಜಿ ಪಂಕ್ಚರಣ್ಣನ ಕಡೆ ತಿರುಗಿದಳು. "ನನಗೇನು ಅವಳ ಮೇಲೆ ದ್ವೇಷನಾ? ಅವತ್ತು ನೀನು ಕೂಗಾಡಿದ್ದು ಸರಿ ಅಂತಾನೇ ನಾನು ಚಪ್ಪಾಳೆ ತಟ್ಟಿದ್ದು ಕಣಪ್ಪಾ. ಚೀಟಿ ಅಂದ್ಮೇಲೆ ಚೀಟಿ."

ಬೇರೆ ದಿನವಾಗಿದ್ದರೆ ಕುರ್ಚಿಗಳು ಹಾರಾಡುತ್ತಿದ್ದವು. ಪಂಕ್ಚರಣ್ಣನ ಕುತ್ತಿಗೆಯ ನರ ಉಬ್ಬಿತು. ಆದರೆ ಅಜ್ಜಿ ಆಡಿದ್ದು ಅವನ ಮಾತೇ ಆಗಿತ್ತು, ಒಬ್ಬರು ಒಪ್ಪದಿದ್ದರೂ ಬದಲಾಗಕೂಡದು ಎಂದದ್ದೂ ಅವನೇ. ಅವನು ಖಾಲಿ ಟಬ್ಬನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೋದ.

ಸಾಮಾನು ಸಾಗಿಸಿದ ದಿನ ಮಂಚ, ಪಾತ್ರೆ, ಟ್ರಂಕು ಎಲ್ಲ ಮೇಲೆ ಹೋದವು. ಕೊನೆಗೆ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ಬಂದ. ಮಗಳು ಕೋಲು ಹಿಡಿದು ಹಿಂದೆ. ಮೆಟ್ಟಿಲ ಪಕ್ಕದಲ್ಲೇ ಇಸ್ತ್ರಿಯವನ ಮನೆ. ಅವನು ಬಾಗಿಲಲ್ಲಿ ಮೇಜು ಹಾಕಿ ಬಟ್ಟೆ ಉಜ್ಜುತ್ತಿದ್ದ. ಪಕ್ಕದಲ್ಲಿ ರಸ್ತೆಗೆ ಮುಖ ಮಾಡಿ ಕೈಯಿರುವ ಒಂದು ಕುರ್ಚಿ. ಅವನ ಅಪ್ಪ ಕೂರುತ್ತಿದ್ದ ಕುರ್ಚಿ.

"ಅತ್ತಿಗೇನ ಇಲ್ಲೇ ಇಳ್ಸು."

"ಯಾಕೆ?"

"ಹಗಲೊತ್ತು ಇಲ್ಲಿರ್ಲಿ, ಸಂಜೆ ಮೇಲೆ ಕರ್ಕೊಂಡ್ಹೋಗು. ಕುರ್ಚಿ ಮೇಲೆ ಕೂರೋಕೂ ಚೀಟಿ ಎತ್ತಬೇಕು ಅಂತ ನಿನ್ನ ನಿಯಮದಲ್ಲಿದೆಯಾ?"

ಪಂಕ್ಚರಣ್ಣ ನೆಲ ನೋಡಿದ. "ಅವತ್ತು ನಿಮ್ಮಪ್ಪಂಗೆ ನಾನು..."

"ಅದು ಬಿಡು. ಬಿಡೋಕಾಗಲ್ಲ, ಆದ್ರೂ ಬಿಡು." ಇಸ್ತ್ರಿಯವ ಕಾದ ಪೆಟ್ಟಿಗೆ ಎತ್ತಿ ನಿಲ್ಲಿಸಿದ. "ನನ್ನ ಚೀಟಿ ಮೇಲೆ ಕರೀ ಗ್ರೀಸಿನ ಹೆಬ್ಬೆಟ್ಟು ಇತ್ತು. ಮಡಿಕೆನೂ ಸೊಟ್ಟಗಿತ್ತು, ಯಾರೋ ಬಿಚ್ಚಿ ನೋಡಿ ವಾಪಸ್ ಹಾಕಿದ ಹಾಗೆ. ಮಡಿಕೆ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳ್ಕೊಡಬೇಕಾಗಿಲ್ಲ."

ಪಂಕ್ಚರಣ್ಣನ ಕಿವಿ ಬಿಸಿಯಾಯಿತು. ಬೆನ್ನ ಮೇಲಿದ್ದ ಹೆಂಡತಿಗೆ ಏನೂ ತಿಳಿಯಲಿಲ್ಲ. "ಏನ್ರೀ ಅದು, ಹೆಬ್ಬೆಟ್ಟು?"

"ಏನಿಲ್ಲ, ಸುಮ್ನಿರು."

"ಮೊದ್ಲು ನಮ್ಮನೆ ನೋಡ್ಬೇಕು ನಾನು. ಆಮೇಲೆ ಕುರ್ಚಿ. ನಡೀರಿ, ಸಿಮೆಂಟ್ ಮೂಟೆ ಹೊತ್ತೋರಿಗೆ ನಾನು ಭಾರನಾ?"

ಅವನು ಹತ್ತಿದ. ಮೊದಲ ತಿರುವಿನಲ್ಲಿ ನಿಂತ. ಎರಡನೆಯದರಲ್ಲಿ ಗೋಡೆಗೆ ಆನಿಕೊಂಡ. ಅವಳು ಜಾರಿದ ಮೆಟ್ಟಿಲು ಬಂದಾಗ ಅವಳ ಕೈ ಅವನ ಕುತ್ತಿಗೆಯ ಸುತ್ತ ಬಿಗಿಯಾಯಿತು. ತರಕಾರಿ ಅಜ್ಜಿ ತನ್ನ ಬಾಗಿಲಿನ ಹೊಸ್ತಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು. ಅವನನ್ನು ನೋಡಿ ಮುಖ ತಿರುಗಿಸಿದಳು. ಮತ್ತೆ ಈ ಕಡೆಗೇ ತಿರುಗಿ, ಮೆಟ್ಟಿಲಿಗೆ ಅಡ್ಡವಾಗಿದ್ದ ತನ್ನ ಬುಟ್ಟಿಯನ್ನು ಒಳಗೆಳೆದುಕೊಂಡಳು.

ಮೇಲೆ ಮನೆ ಚೆನ್ನಾಗಿತ್ತು. ಒಣ ಗೋಡೆ. ಹೆಂಡತಿ ಕಿಟಕಿಯ ಬಳಿ ಕೂತು ಗೋಡೆಗೆ ಅಂಗೈಯನ್ನು ಒತ್ತಿ ಹಿಡಿದಳು, ತೇವ ತಗಲುವವರೆಗೆ ಕಾಯುತ್ತಾಳೇನೋ ಎನ್ನುವಂತೆ. ಅವನು ನೆಲದ ಮೇಲೆ ಕುಸಿದು ಕೂತು ಏದುಸಿರು ಬಿಡುತ್ತಿದ್ದ. ಕಾಲಿನ ಮೀನಖಂಡ ಅದುರುತ್ತಿತ್ತು. ಇಂದು ಹತ್ತಿದ್ದಾಯಿತು. ನಾಳೆ ಬೆಳಿಗ್ಗೆ ಇಳಿಸಬೇಕು, ಸಂಜೆ ಹತ್ತಿಸಬೇಕು. ಈ ಬೆನ್ನು ಇನ್ನೆಷ್ಟು ಕಾಲ ನಿಲ್ಲುತ್ತದೆ? ಬೆನ್ನಿಗೆ ಪ್ಯಾಚು ಹಾಕುವವರು ಯಾರಿದ್ದಾರೆ?

ಕೆಳಗೆ ಕುರ್ಚಿ ಎಳೆದ ಸದ್ದಾಯಿತು. ಅವನು ಧಡಕ್ಕನೆ ಎದ್ದು ಕಿಟಕಿಗೆ ಬಂದ.

"ಏಯ್!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. "ಆ ಕುರ್ಚಿ ತೆಗೀಬೇಡ ಕಣೋ! ಬೆಳಿಗ್ಗೆ ಬರ್ತೀವಿ!"