ಡೈರಿಯಲ್ಲಿ ಇಲ್ಲದ ಮಚ್ಚೆ

ನಂಬರಿನ ಹಳದಿ ಬಿಲ್ಲೆ ಕರುವಿನ ಕಿವಿಗೆ ಕಚ್ಚಿಕೊಂಡಾಗಲೇ ಅಣ್ಣನ ಹೆಂಡತಿ, ನಮ್ಮ ವೈನಿ, ನೋಂದಣಿಗೆಂದು ಆಧಾರ್ ಕಾರ್ಡ್ ಹಿಡಿದು ಮನೆಯಿಂದ ಹೊರಬಂದರು. ಭೂಸನೂರಿನ ಅಣ್ಣನ ಮನೆಯೆದುರು ಪಕ್ಕದ ಮನೆಯವರು ತಮ್ಮ ಆಕಳನ್ನೂ ಕರುವನ್ನೂ ತಂದು ಕಟ್ಟಿದ್ದರು. ‘ನಿಮ್ಮ ಕರು ಯಾವುದು?’ ಎಂದು ಪಶುವೈದ್ಯರು ಕೇಳಿದಾಗ ತೋರಿಸಿದವನು ನಾನು.

“ಮಾಸ್ತರ, ಅದು ನಮ್ಮ ಕರ ಅಲ್ರಿ. ಬಾಜೂ ಮನಿದು,” ಎಂದರು ವೈನಿ, ಶಾಲಾ ಮಾಸ್ತರನಾದ ನನಗೆ.

ಎಡಗಾಲಿಗೆ ಬಿಳಿ ಮಚ್ಚೆ ಇರುವುದೇ ನಮ್ಮದು, ಹುಟ್ಟಿದ ದಿನವೇ ನೋಡಿ ಡೈರಿಯಲ್ಲಿ ಬರೆದಿದ್ದೇನೆ ಎಂದು ವಾದಿಸಿದೆ. ಬಿಲ್ಲೆಯ ನಂಬರು ವೈನಿಯ ಹೆಸರಿಗೆ ಸೇರಿದರೆ ನೆರೆಯವರ ಕರು ದಾಖಲೆಯಲ್ಲಿ ನಮ್ಮದಾಗುತ್ತಿತ್ತು. ವೈನಿ ವಾದಿಸದೆ ಎರಡೂ ಕರುಗಳ ಹಗ್ಗ ಬಿಚ್ಚಿದರು. ಬಿಲ್ಲೆ ಹಾಕಿಸಿಕೊಂಡ ಕರು ನೆಟ್ಟಗೆ ಓಡಿ ಪಕ್ಕದ ಮನೆಯ ಆಕಳ ಕೆಚ್ಚಲಿಗೆ ಬಾಯಿ ಹಾಕಿತು.

“ಪಾಪ, ಅದು ನಿಮ್ಮ ಡೈರಿ ಓದಿಲ್ಲ ಕಾಣ್ತದ,” ಎಂದರು ವೈನಿ. ವೈದ್ಯರು ನಗುತ್ತಲೇ ನಂಬರನ್ನು ನೆರೆಯವರ ಹೆಸರಿಗೆ ಸೇರಿಸಿದರು.

ಕಲಬುರಗಿಗೆ ಮರಳಿ ಡೈರಿ ತೆರೆದೆ. ಮಚ್ಚೆಯ ಮಾತೇ ಇರಲಿಲ್ಲ. ‘ಕರು ಹುಟ್ಟಿತು, ಗಿಣ್ಣ ತಿಂದೆ’ ಎಂದಷ್ಟೇ ಇತ್ತು. ಬಿಲ್ಲೆ ಹಳದಿಯಾಗಿತ್ತು ಎಂದು ಇಲ್ಲಿ ಬರೆಯುವ ಮೊದಲು ವೈನಿಗೆ ಫೋನ್ ಮಾಡಿ ಕೇಳಿಕೊಂಡಿದ್ದೇನೆ.