ಎರಡನೆಯ ಎಲೆ

ಹಿಂದಿನಿಂದ ಹೆಸರು ಹಿಡಿದು ಕರೆದರೆ ಅವರು ತಿರುಗುತ್ತಿರಲಿಲ್ಲ. ಶೀನ ಎಂದರೂ ಇಲ್ಲ, ಬೇರೆ ಯಾವ ಹೆಸರಿನಿಂದ ಕೂಗಿದರೂ ಇಲ್ಲ. ಎದುರಿಗೆ ಹೋಗಿ ನಿಂತರೆ ಮಾತ್ರ ಅರ್ಧ ಸುಟ್ಟ ಮುಖವನ್ನೆತ್ತಿ "ಹೇಳಿ" ಎನ್ನುತ್ತಿದ್ದರು. ಬರ್ಮಾದ ಬಾಂಬಿಗೆ ಪಾಪ ಕಿವಿ ಹೋಗಿದೆ ಎಂದು ಬಲ್ಮಠದ ನಮ್ಮ ನೆರೆಕರೆಯ ಹೆಂಗಸರು ನಂಬಿದ್ದರು. ನಾನು ನಂಬಿರಲಿಲ್ಲ. ಏಕೆಂದರೆ ಅವರಿಗೆ ಕೆಲಸವಿದ್ದದ್ದು ಹೊಳೆ ಬದಿಯ ಹಂಚಿನ ಕಾರ್ಖಾನೆಯಲ್ಲಿ. ಸುಟ್ಟು ಹೊರಬಂದ ಹಂಚುಗಳನ್ನು ಒಂದೊಂದಾಗಿ ಎತ್ತಿ, ಬೆರಳಿನ ಗೆಣ್ಣಿನಿಂದ ಬಡಿದು, ಆ ಸದ್ದಿನಲ್ಲೇ ಗಟ್ಟಿ ಯಾವುದು, ಒಳಗೆ ಬಿರುಕು ಬಿಟ್ಟದ್ದು ಯಾವುದು ಎಂದು ಬೇರೆ ಮಾಡಬೇಕು. ಕಿವಿ ಹೋದವನಿಗೆ ಅಂಥ ಕೆಲಸ ಯಾರಾದರೂ ಕೊಡುತ್ತಾರೆಯೇ?

ಅವರು ನನಗೆ ಭಾವ. ಹೇಗೆ ಭಾವ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಹುಟ್ಟುವ ಮೊದಲೇ ನನ್ನ ಅಕ್ಕ ಕಮಲ ಮೂರು ವರ್ಷದವಳಿದ್ದಾಗ ಜ್ವರದಲ್ಲಿ ತೀರಿಕೊಂಡಿದ್ದಳು. ನನಗೆ ಪ್ರಾಯ ಬಂದು ಮದುವೆಯ ಮಾತು ಶುರುವಾದಾಗ ಒಂದರ ಹಿಂದೆ ಒಂದರಂತೆ ಮೂರು ಸಂಬಂಧಗಳು ಬಾಗಿಲ ತನಕ ಬಂದು ತಿರುಗಿಹೋದವು. ಜೋಯಿಸರು ಕವಡೆ ಹಾಕಿ ನೋಡಿ, ದೊಡ್ಡವಳಿಗೆ ಮದುವೆಯಾಗದೆ ಸಣ್ಣವಳಿಗೆ ಹೇಗಾಗುತ್ತದೆ ಎಂದು ಕೇಳಿದರು. ನಮ್ಮಲ್ಲಿ ಇದಕ್ಕೆ ಕುಲೆ ಮದುವೆ ಎನ್ನುತ್ತಾರೆ. ಮದುವೆಯಾಗದೆ ಸತ್ತ ಹುಡುಗಿಗೆ, ಮದುವೆಯಾಗದೆ ಸತ್ತ ಹುಡುಗನನ್ನು ಹುಡುಕಿ, ಜಾತಿ, ಕುಲದ ಬಳಿ ಎಲ್ಲ ನೋಡಿಯೇ ಮಾಡುವ ಮದುವೆ ಅದು. ಉಳ್ಳಾಲದಲ್ಲಿ ಒಬ್ಬ ಹುಡುಗ ಸಿಕ್ಕಿದ. ಹೆಸರು ಶೀನ. ಸೈನ್ಯದ ಲಾರಿ ನಡೆಸಲು ಬರ್ಮಾಕ್ಕೆ ಹೋಗಿದ್ದವನು. ತೀರಿಹೋದನೆಂದು ಸರಕಾರದ ಕಾಗದ ಬಂದು, ಅವನ ಅಕ್ಕ ಭಾಗಿ ಬೊಜ್ಜವನ್ನೂ, ಅಂದರೆ ಉತ್ತರಕ್ರಿಯೆಯನ್ನೂ, ಮುಗಿಸಿದ್ದಳು. ಮಳೆಗಾಲದ ಆಟಿ ತಿಂಗಳಿನಲ್ಲಿ ಸೀರೆ, ಬಳೆ, ಧಾರೆ ಎಲ್ಲ ಕ್ರಮವಾಗಿ ನಡೆದು ನನ್ನ ಅಕ್ಕ ಉಳ್ಳಾಲದ ಸೊಸೆಯಾದಳು. ಮರುವರ್ಷವೇ ಸುರತ್ಕಲ್ಲಿನಿಂದ ನನಗೊಂದು ಒಳ್ಳೆಯ ಸಂಬಂಧ ಕೂಡಿಬಂತು. ಎಲ್ಲರಿಗೂ ಉಸಿರು ಬಂದಂತಾಯಿತು.

ಲಡಾಯಿ ಮುಗಿದಿತ್ತು. ನನ್ನ ಮದುವೆಗೆ ಇನ್ನು ಇಪ್ಪತ್ತು ದಿನ ಇದೆ ಎನ್ನುವಾಗ ಸುದ್ದಿ ಬಂತು, ಶೀನ ಮನೆಗೆ ಬಂದಿದ್ದಾನೆ ಎಂದು.

ಬದುಕಿ ಬಂದವನ ಸುದ್ದಿ ಕೇಳಿ ನನ್ನ ಅಮ್ಮ ಕುಸಿದು ಕೂತಳು. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಆಗ ನನಗೂ ಹಾಗೆಯೇ ಆಯಿತು. ಬದುಕಿದವನಿಗೆ ಸತ್ತವಳನ್ನು ಕೊಟ್ಟದ್ದು ಮದುವೆಯಾದೀತೇ? ಅದು ಮದುವೆಯಲ್ಲವಾದರೆ ಅಕ್ಕ ಮತ್ತೆ ಕನ್ಯೆ, ನನ್ನ ದಾರಿ ಮತ್ತೆ ಬಂದ್. ಸುರತ್ಕಲ್ಲಿನವರು ಕೂಡಲೇ ಹೇಳಿಕಳಿಸಿದರು, ಇದು ಇತ್ಯರ್ಥವಾಗದೆ ನಾವು ಮುಂದೆ ಬರುವುದಿಲ್ಲ ಎಂದು.

ಅಮ್ಮ, ನಾನು, ಸುರತ್ಕಲ್ಲಿನ ವರನ ಸೋದರಮಾವ, ಮೂವರೂ ದೋಣಿಯಲ್ಲಿ ಹೊಳೆ ದಾಟಿ ಉಳ್ಳಾಲಕ್ಕೆ ಹೋದೆವು. ಭಾಗಿ ಅಕ್ಕನ ಅಂಗಳದಲ್ಲಿ ಅವರು ಕೂತು ಬಾವಿಯ ಹಗ್ಗ ಸರಿ ಮಾಡುತ್ತಿದ್ದರು. ಎಡಗೆನ್ನೆ, ಬಾಯಿಯ ಒಂದು ಬದಿ, ಕತ್ತು ಸುಟ್ಟು ಹೋಗಿದ್ದವು. ಸ್ವರ ಗೊರಗೊರ. ಆ ಮುಖದಲ್ಲಿ ಹಳೆಯ ಗುರುತು ಹುಡುಕುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಅಮ್ಮ ಅಳಲಿಲ್ಲ, ಬೇಡಲೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಕೊನೆಗೆ, "ಬೇರೆ ಹುಡುಗನನ್ನು ನೋಡಿ ಅಂತಾರೆ ಜನ. ಒಮ್ಮೆ ಕೊಟ್ಟ ಹುಡುಗಿಯನ್ನು ಇನ್ನೊಬ್ಬನಿಗೆ ಕೊಡುವುದು ಹೇಗೆ, ನೀವೇ ಹೇಳಿ" ಎಂದಳು.

ಅವರು ಹಗ್ಗವನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಈ ಹುಡುಗಿಯದ್ದಾ ಮದುವೆ?"

"ಹೌದು."

ಅವರು ಎದ್ದು ನಿಂತು, ಸುರತ್ಕಲ್ಲಿನ ಮಾವನಿಗೆ ಕೇಳುವ ಹಾಗೆ ಹೇಳಿದರು. "ನಾನು ಶೀನ ಅಲ್ಲ. ಶೀನ ಸತ್ತದ್ದು ನಿಜ. ನಾನು ಹತ್ತಿರವೇ ಇದ್ದೆ. ಅದನ್ನೇ ಹೇಳುವ ಅಂತ ಇಲ್ಲಿಗೆ ಬಂದದ್ದು. ಈ ಅಕ್ಕ ತಮ್ಮಾ ಅಂತ ಕೈ ಹಿಡಿದರು, ನನಗೆ ಬಾಯಿ ಬರಲಿಲ್ಲ."

ಭಾಗಿ ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಎಂತ ಹೇಳ್ತಿ ನೀನು?"

"ಇದ್ದದ್ದು ಹೇಳ್ತೇನೆ ಅಕ್ಕ."

"ಬಂದ ದಿನವೇ ಅಟ್ಟದ ಏಣಿ ಎಲ್ಲಿ ಉಂಟು ಅಂತ ಕೇಳದೆ ಹೋಗಿ ತಂದೆಯಲ್ಲ, ಅದು ಹೇಗೆ?"

"ಶೀನ ಹೇಳಿದ್ದ. ಅಲ್ಲಿ ಮಳೆಯಲ್ಲಿ ಕೂತು ಮನೆಯ ಸುದ್ದಿ ಹೇಳಿಕೊಳ್ಳುವುದು ಬಿಟ್ಟು ನಮಗೆ ಬೇರೆ ಎಂತ ಕೆಲಸ ಇತ್ತು?"

ಭಾಗಿ ಅಕ್ಕ ಅವರನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಸುರತ್ಕಲ್ಲಿನ ಮಾವ, "ಹಾಗಾದರೆ ಸರಿಯಾಯಿತಲ್ಲ" ಎಂದು ಹೆಗಲ ಬೈರಾಸು ಸರಿ ಮಾಡಿಕೊಂಡರು. ಅವರ ಮಟ್ಟಿಗೆ ಅಷ್ಟೇ.

ಶೀನನಲ್ಲದವನು ಶೀನನ ಮನೆಯಲ್ಲಿ ಉಳಿಯುವಂತಿಲ್ಲ. ಹೆಣ್ಣಿನ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆಯಲ್ಲಿ ಭಾಗಿ ಅಕ್ಕನ ಮಕ್ಕಳಿಗೆ ಸೋದರಮಾವನಾಗಿ, ಯಜಮಾನನಾಗಿ ಕೂರಬಹುದಾಗಿದ್ದ ಮನುಷ್ಯ ಅದೇ ದಿನ ನಮ್ಮ ದೋಣಿಯಲ್ಲೇ ಹೊಳೆ ದಾಟಿದರು. ಕೈಯಲ್ಲಿ ಒಂದು ಸಣ್ಣ ಗಂಟು. ದೋಣಿಯ ಆಚೆ ತುದಿಯಲ್ಲಿ, ನಮ್ಮ ಪರಿಚಯವೇ ಇಲ್ಲದವರ ಹಾಗೆ ಕೂತಿದ್ದರು. ಅವರು ಹೇಳಿದ್ದು ನಿಜವಾಗಿದ್ದರೆ ಅವರೊಬ್ಬ ಪ್ರಾಮಾಣಿಕ. ಸುಳ್ಳಾಗಿದ್ದರೆ, ನೋಡಿ ಪರಿಚಯವೂ ಇಲ್ಲದ ಹುಡುಗಿಗಾಗಿ ತನ್ನ ಹೆಸರು, ಮನೆ, ಒಡಹುಟ್ಟಿದವಳು ಎಲ್ಲವನ್ನೂ ಒಂದೇ ಮಾತಿನಲ್ಲಿ ಕೊಟ್ಟುಬಿಟ್ಟವರು.

ನನ್ನ ಮದುವೆಗೆ ಬಂದರು. ಚಪ್ಪರದ ಕಂಬದ ಬಳಿ ಕೂತು ಉಂಡರು. ಹೋಗುವಾಗ ಅಮ್ಮನ ಕೈಗೆ ಒಂದು ಡಜನ್ ಹಸಿರು ಗಾಜಿನ ಬಳೆ ಕೊಟ್ಟು, "ಇದು ನಿಮ್ಮ ದೊಡ್ಡ ಮಗಳಿಗೆ. ಶೀನನ ಕಡೆಯಿಂದ" ಎಂದರು. ನಾನು ಭಾವ ಎಂದು ಕರೆದರೆ ಮಾತ್ರ ಒಪ್ಪುತ್ತಿರಲಿಲ್ಲ. "ನಿನ್ನ ಭಾವ ಬರ್ಮಾದಲ್ಲಿ" ಎಂದು ನಗುತ್ತಿದ್ದರು. ಸುಟ್ಟ ಬದಿ ನಗುತ್ತಿರಲಿಲ್ಲ, ಇನ್ನೊಂದು ಬದಿ ಅದಕ್ಕೂ ಸೇರಿಸಿ ನಗುತ್ತಿತ್ತು.

ಭಾಗಿ ಅಕ್ಕ ತಿಂಗಳಿಗೊಮ್ಮೆ ಹೊಳೆ ದಾಟಿ ಕಾರ್ಖಾನೆಯ ಗೇಟಿಗೆ ಬರುತ್ತಿದ್ದಳು. "ತಮ್ಮನ ದೋಸ್ತಿಗೆ" ಎಂದು ಒಣಮೀನಿನ ಕಟ್ಟು ಕೊಟ್ಟು, ಹೆಚ್ಚು ಮಾತಿಲ್ಲದೆ ಹಿಂದಿರುಗುತ್ತಿದ್ದಳು.

ಒಮ್ಮೆ ಗಂಡನ ಮನೆಯಿಂದ ಬಂದವಳು ನಾನೇ ಆ ಗೇಟಿಗೆ ಹೋದೆ. ಅವರು ಹಂಚಿನ ರಾಶಿಯ ನಡುವೆ ಕೂತಿದ್ದರು. ಕೇಳಿಯೇಬಿಟ್ಟೆ. "ನನ್ನ ಮದುವೆ ಆಯ್ತಲ್ಲ, ಇನ್ನಾದರೂ ನಿಜ ಹೇಳಿ. ನೀವು ಯಾರು?"

ಒಂದು ಹಂಚನ್ನೆತ್ತಿ ಬಡಿದರು. ಟಣ್ ಎಂದಿತು. "ಇದು ಗಟ್ಟಿ. ಒಂದು ಸಲ ಬಡಿದರೆ ಸಾಕು. ನಂಬಿಕೆ ಇಲ್ಲ ಅಂತ ಮತ್ತೆ ಮತ್ತೆ ಬಡೀತಾ ಕೂತರೆ ಗಟ್ಟಿ ಇದ್ದದ್ದೂ ಒಡೀತದೆ ಮಾರಾಯ್ತಿ. ಗಂಡ ಹೇಗಿದ್ದಾನೆ? ಒಳ್ಳೆಯವನಾ?"

"ಒಳ್ಳೆಯವರು."

"ಮತ್ತೆಂತ ಬೇಕು ನಿನಗೆ?" ಎಂದು ಮುಂದಿನ ಹಂಚಿಗೆ ಕೈ ಹಾಕಿದರು.

ಆಟಿ ತಿಂಗಳಲ್ಲಿ ಹೊಸದಾಗಿ ಮದುವೆಯಾದ ಮಗಳು ತವರಿಗೆ ಬಂದು ಕೂರುವುದು ನಮ್ಮ ಕಡೆಯ ರೂಢಿ. ಸತ್ತವರಿಗೆ ಎಲೆ ಹಾಕಿ ಬಡಿಸುವುದೂ ಅದೇ ತಿಂಗಳು. ಹಾಗಾಗಿ ಅಮ್ಮ ಒಳಕೋಣೆಯಲ್ಲಿ ಹಿರಿಯರ ಎಲೆಗಳ ಪಕ್ಕ ಎರಡು ಎಲೆ ಜೋಡಿಸಿ ಹಾಕುತ್ತಿದ್ದಳು. ಮೊದಲನೆಯದು ಕಮಲಕ್ಕನಿಗೆ, ಎರಡನೆಯದು ಅವಳ ಗಂಡ ಶೀನನಿಗೆ. ಆ ದಿನ ಇವರಿಗೂ ಊಟಕ್ಕೆ ಹೇಳಿಕೆ ಹೋಗುತ್ತಿತ್ತು. ಸುಟ್ಟ ಬಾಯಿಗೆ ಖಾರ ಆಗದು ಎಂದು ಅಮ್ಮ ದೊಡ್ಡ ಪಾತ್ರೆಯ ಕೆಂಪು ಕೋಳಿ ಸಾರಿನ ಜೊತೆಗೆ, ಒಂದು ಕುಡಿಕೆಯಲ್ಲಿ ಮೆಣಸು ಹಾಕದ ತೆಂಗಿನಹಾಲಿನ ಸಾರನ್ನು ಬೇರೆಯೇ ಮಾಡುತ್ತಿದ್ದಳು. ಅವರು ಜಗಲಿಯಲ್ಲಿ ಕೂತು, "ಅವನಿಗೆ ಮೊದಲು ಬಡಿಸಿ ಅಮ್ಮ, ನನ್ನದು ಆಮೇಲೆ" ಎನ್ನುತ್ತಿದ್ದರು. ಒಳಗೆ ಎರಡನೆಯ ಎಲೆಗೆ ದೊಡ್ಡ ಪಾತ್ರೆಯ ಕೆಂಪು ಸಾರು ಬೀಳುತ್ತಿತ್ತು. ಹೊರಗೆ ಇವರು ಕುಡಿಕೆಯ ಬಿಳಿ ಸಾರನ್ನು ಸುರಿದುಕೊಂಡು ಉಣ್ಣುತ್ತಿದ್ದರು.

ಹಾಗೆ ಎರಡು ಆಟಿ ಕಳೆಯಿತು. ಮೂರನೆಯ ವರ್ಷ ಮಳೆ ಹಿಡಿಯುವ ಹೊತ್ತಿಗೆ ಎದೆನೋವು ಬಂದು ನಾಲ್ಕೇ ದಿನದಲ್ಲಿ ಹೋದರು. ಸುರತ್ಕಲ್ಲಿನಿಂದ ನಾನು ಬರುವಷ್ಟರಲ್ಲಿ ಕಾರ್ಖಾನೆಯವರು ಎಲ್ಲ ಮುಗಿಸಿದ್ದರು. ಭಾಗಿ ಅಕ್ಕ ಬಂದಿದ್ದಳಂತೆ. ಬೊಜ್ಜದ ಮಾತು ಬಂದಾಗ, "ಅದು ಒಮ್ಮೆ ಆಗಿದೆ" ಎಂದಷ್ಟೇ ಹೇಳಿ ಹೋದಳಂತೆ.

ಆ ವರ್ಷದ ಆಟಿಗೆ ಬಂದಾಗ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯ ಪಕ್ಕ ಕುಡಿಕೆಯೂ ಇತ್ತು. ಕೈಗೆ ಅಭ್ಯಾಸವಾಗಿಬಿಟ್ಟಿದೆ ಪಾಪ ಎಂದುಕೊಂಡು ನಾನು ಹಿತ್ತಿಲಿಗೆ ಹೋಗಿ, ಒಂದು ಬಾಳೆಲೆ ಹೆಚ್ಚು ಕೊಯ್ದು ತಂದೆ. ಒಳಕೋಣೆಯಲ್ಲಿ ಎರಡು ಎಲೆಗಳ ಪಕ್ಕ ಅದನ್ನು ಹಾಸಲು ಬಗ್ಗಿದೆ.

"ಅದು ಎಂತಕ್ಕೆ?" ಎಂದಳು ಅಮ್ಮ.

"ಅವರಿಗೆ."

ಅಮ್ಮ ನನ್ನ ಕೈಯಿಂದ ಎಲೆ ತೆಗೆದು ಗೋಡೆಗೆ ಒರಗಿಸಿಟ್ಟಳು. "ಅವನದ್ದು ಅಲ್ಲಿ ಉಂಟಲ್ಲ ಮಗಾ."

ಉಳ್ಳಾಲದ ಆ ಅಂಗಳದಲ್ಲಿ ಅವರು ತಾನು ಶೀನ ಅಲ್ಲ ಎಂದಾಗ ಅಮ್ಮ ಕಣ್ಣು ತಗ್ಗಿಸಿ ನಿಂತದ್ದು ಆಗ ನೆನಪಿಗೆ ಬಂತು.

ಅಮ್ಮ ಕಮಲಕ್ಕನ ಎಲೆಗೆ ದೊಡ್ಡ ಪಾತ್ರೆಯಿಂದ ಬಡಿಸಿದಳು. ಆಮೇಲೆ ಸೌಟನ್ನು ಬದಿಗಿಟ್ಟು, ಕುಡಿಕೆಯನ್ನೆತ್ತಿ, ಬಿಳಿ ಸಾರನ್ನೆಲ್ಲ ಎರಡನೆಯ ಎಲೆಗೆ ಬಗ್ಗಿಸಿದಳು.